ಕೊಸರು

ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿದೆ.
ಸುದ್ದಿಕಾಗದದ ಮೇಲೆ ನೂರಾ ಹನ್ನೊಂದು ಪೆನ್ನಿ,
ಒಂದು ಗುಂಡಿ, ಯಾರದೋ ಕೋಟಿನದು.

ನಾಣ್ಯಕ್ಕೊಂದು ಹೇಂಟೆ, ಕಾಲಡಿ ಹೂಮರಿಗಳು.
ನಮ್ಮ ಐರ್ಲೆಂಡಿನ ಹಳೆಯ ದುಡ್ಡೇ ಹಾಗೆ,
ದೊರೆಯ ಮುಖ ಬೇಡವೆಂದು
ಕೋಳಿ, ಹಂದಿ, ಮೊಲಗಳನ್ನು ಕೂರಿಸಿಕೊಂಡಿತ್ತು.
ಈಗ ಹೇಂಟೆಗೆ ಕಣ್ಣಿಲ್ಲ. ಕೆಲವಕ್ಕೆ ಕೊಕ್ಕೂ ಇಲ್ಲ.
ಮರಿಗಳು ಸವೆದು ಸವೆದು
ಮತ್ತೆ ಮೊಟ್ಟೆಯೊಳಕ್ಕೆ ಹೊರಟಂತಿವೆ.

ತೊಳೆಯಲೋ, ಬೇಡವೋ.

ಪಕ್ಕದ ಮನೆಯ ಮ್ಯಾಲಕಿ ಬೇಲಿಯಾಚೆಯಿಂದಲೇ ಕೂಗಿದ:
"ಬ್ರೌನ್ ಸಾಸಿನಲ್ಲಿ ಒಂದು ರಾತ್ರಿ ಮುಳುಗಿಸಿಡು,
ಬೆಳಗಾದರೆ ಮದುವಣಗಿತ್ತಿ!"
ಟ್ರ್ಯಾಕ್ಟರಿನ ತುಕ್ಕಿಗೂ ಅದನ್ನೇ ಹೇಳುವವನು.
ಬಾಟಲಿಯನ್ನೂ ಬಾಗಿಲಲ್ಲಿ ಇಟ್ಟುಹೋದ.

ಸ್ಲೈಗೊದ ನಾಣ್ಯದಂಗಡಿಯ ಟ್ಯಾನ್ಸಿ
ಫೋನಿನಲ್ಲಿ ನಿಟ್ಟುಸಿರಿಟ್ಟ:
"ತೊಳೆದರೆ ಬೆಲೆ ಅರ್ಧ.
ಆದರೆ ಅರ್ಧವಾಗಲು ಮೊದಲು ಬೆಲೆ ಇರಬೇಕಲ್ಲ."
ಹಿಡಿಗೆ ಎರಡು ಯೂರೋ ಕೊಡುತ್ತಾನಂತೆ,
ನಾನೇ ಹೊತ್ತು ತಂದರೆ.
ಬಸ್ಸಿಗೇ ನಾಲ್ಕು.

ಹಾಗಾದರೆ ಯಾರ ಹಂಗು?
ಹಂಗಿಲ್ಲದ ಕೆಲಸ ಬಲು ಕಷ್ಟ.
ಬಂಗಾರವಾಗಿದ್ದರೆ ತಿಳಿದವರನ್ನು ಕೇಳಬಹುದಿತ್ತು;
ಬೆಲೆಯಿಲ್ಲದ್ದನ್ನು ಏನು ಮಾಡಬೇಕೆಂದು
ಯಾರೂ ಕಲಿತಿಲ್ಲ.

ಡಬ್ಬಿಯ ತಳಕ್ಕಂಟಿ ಇನ್ನೂ ಮೂರು ಇದ್ದವು,
ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ.
ಉಳಿದವಕ್ಕಿಂತ ಕೊಳಕು. ಹಾರ್ಪಿನ ಬದಿಗೆ
ಕಪ್ಪಗೆ, ಮೆತ್ತಗೆ ಏನೋ ಮೆತ್ತಿದ ಕರೆ.
ಶುರು ಮಾಡುವುದಾದರೆ ಇವುಗಳಿಂದಲೇ ಎಂದು
ಒಂದನ್ನು ಬಟ್ಟಲಿಗೆ ಹಾಕಿ ಕುದಿನೀರು ಹೊಯ್ದೆ.
ವಿನಿಗರ್, ಉಪ್ಪು, ಹಲ್ಲುಜ್ಜುವ ಹಳೆಯ ಬ್ರಷ್ಷು.
ಅರ್ಧ ಗಂಟೆಗೆ ಹೇಂಟೆ ಗುಲಾಬಿ ಬಣ್ಣಕ್ಕೆ ತಿರುಗಿತು,
ಪುಕ್ಕ ತರಿದು ಮಾರಲಿಟ್ಟ ಕೋಳಿಯ ಹಾಗೆ.
ನನಗೇ ನಾಚಿಕೆಯಾಯಿತು.

ಬಟ್ಟಲಿನಲ್ಲಿ ತೆಳ್ಳನೆಯ ಕೆನೆ ತೇಲುತ್ತಿತ್ತು.
ಬೆರಳಿಗೆ ಹತ್ತಿತು. ಮೂಸಿದೆ.
ಮೇಣ.

ಆಗ ತಕ್ಕಡಿ ನೆನಪಾಯಿತು.

ಡ್ರಮಹೇರಿನ ಸೇತುವೆಯ ಪಕ್ಕ ಅಟ್ರಾಕ್ಟಾ ಚಿಕ್ಕಮ್ಮನ ಅಂಗಡಿ:
ಚಹಾ, ಸೀಮೆಎಣ್ಣೆ, ಬೂಟಿನ ಲಾಡಿ, ನಶ್ಯ.
ಔನ್ಸಿನ ಬಟ್ಟು ಯಾವತ್ತೋ ಕಳೆದುಹೋಗಿತ್ತು;
ಮೂರು ಪೆನ್ನಿ ಸೇರಿದರೆ ಒಂದು ಔನ್ಸು,
ಊರಿಗೆಲ್ಲ ಗೊತ್ತಿದ್ದ ಲೆಕ್ಕ.
ಮುದುಕಿಯರು ನಶ್ಯಕ್ಕೆ ಬಂದು ನಿಂತರೆ
ಈ ಮೂರೇ ಹೇಂಟೆಗಳು ತಟ್ಟೆ ಏರುತ್ತಿದ್ದವು.

ಹೇಂಟೆ ಸವೆದಷ್ಟೂ ನಶ್ಯ ಕಡಿಮೆ.
ಒಂದು ಚಿಟಿಕೆ. ಯಾರ ಮೂಗಿಗೂ ತಿಳಿಯದಷ್ಟು.
ಅವಳಿಗೆ ತಿಳಿದಿತ್ತು.
ಅಂಗಡಿಯ ಬಾಗಿಲು ಹಾಕಿ, ಮೇಣದಬತ್ತಿ ಆರಿಸುವ ಮುನ್ನ
ಸವೆದಷ್ಟನ್ನು ಹನಿಹನಿಯಾಗಿ ತುಂಬಿದ್ದಾಳೆ.

ಜಿಪುಣಿ ಅನ್ನುತ್ತಿದ್ದೆವು ನಾವು.
ಮಿಠಾಯಿಯ ಜಾಡಿಗೆ ಕೈ ಹಾಕಿದರೆ
ಅಳತೆಕೋಲಿನಿಂದ ಬೆರಳ ಗೆಣ್ಣಿಗೇ ಏಟು.
ಕೊಸರು ಕೇಳಿದರೆ,
"ಕೊಸರು ಕೊಡುವವನು ದೇವರು, ಅವನ ಅಂಗಡಿ ಆಚೆ ಬೀದಿಯಲ್ಲಿ"
ಎಂದು ಚರ್ಚಿನ ಕಡೆಗೆ ಗಲ್ಲ ಎತ್ತುತ್ತಿದ್ದಳು.

ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ಇಟ್ಟೆ,
ಕಪ್ಪು ಎರಡು, ಗುಲಾಬಿ ಒಂದು.
ಇಪ್ಪತ್ತೇಳು ಗ್ರಾಂ.
ಔನ್ಸೆಂದರೆ ಇಪ್ಪತ್ತೆಂಟು.
ಉಳಿದದ್ದು ಬಟ್ಟಲಿನಲ್ಲಿ ತೇಲುತ್ತಿದೆ,
ಅವಳ ಮಾತು.

ನೂರಾ ಹನ್ನೊಂದನ್ನೂ ಹಾಗೆಯೇ ಡಬ್ಬಿಗೆ ಸುರಿದೆ,
ಗುಂಡಿಯ ಸಮೇತ.
ಮ್ಯಾಲಕಿಯ ಸಾಸು ರಾತ್ರಿ ಆಲೂಗಡ್ಡೆಯ ಜೊತೆ ಹೊಂದಿಕೊಂಡಿತು.

ಆಮೇಲೆ, ಕರೆಂಟು ಹೋದಾಗಿನ ಮೇಣದಬತ್ತಿ ಹುಡುಕಿ
ಗುಲಾಬಿ ಹೇಂಟೆಯ ಬೆನ್ನಿಗೆ ಹಿಡಿದೆ.
ಒಂದು ಹನಿ. ಇಪ್ಪತ್ತೇಳು.
ಇನ್ನೊಂದು. ಇಪ್ಪತ್ತೇಳು.
ಎಷ್ಟು ಹನಿಯೋ, ಎಷ್ಟು ಹೊತ್ತೋ,
ಕೈ ನಡುಗದೆ ನಿಲ್ಲಬೇಕು.