ಹಮಾಲರ ಬೆಂಚು

ಹಡಗಿನಲ್ಲಿ ನಾನು ಆಯಿಲರ್.
ಹತ್ತೊಂಬತ್ತು ವರ್ಷ ಎಂಜಿನ್ನಿನ ಹೊಟ್ಟೆಗೆ ಎಣ್ಣೆ ಕುಡಿಸಿದೆ.
ನನ್ನ ಹೊಟ್ಟೆಗೆ ಮಾತ್ರ ಒಂದೇ ಸೂತ್ರ,
ಫಿಟ್ಟರ್ ಆಗಿದ್ದ ಭಟ್ಕಳದ ಜುಬೇರ್ ಚಾಚಾ ಕಲಿಸಿದ್ದು:
ಬಂದರಿನಲ್ಲಿ ಇಳಿದವನೇ ಬೋರ್ಡು ಓದಬೇಡ.
ಮೂಟೆ ಹೊತ್ತವನ ಹಿಂದೆ ನಡೆ.
ಅವನು ಕೂತಲ್ಲಿ ಕೂರು,
ಅವನ ತಟ್ಟೆಗೆ ಬೆರಳು ತೋರಿಸು,
ಅವನು ಕೊಟ್ಟಷ್ಟೇ ಕೊಡು.

ಹಾಗೇ ಉಂಡೆ.
ಮೊಂಬಾಸಾದಲ್ಲಿ ಮೆಕ್ಕೆಜೋಳದ ಬಿಳಿ ಮುದ್ದೆ.
ಮುರಿದು, ಉರುಟಿ, ಹೆಬ್ಬೆರಳಿನಿಂದ ಗುಳಿ ಮಾಡಿ
ಗುಳಿಯೊಳಗೆ ಸೊಪ್ಪು ತುಂಬಿಕೊಳ್ಳುವುದನ್ನು
ಸಿಮೆಂಟು ಮೆತ್ತಿದ ಕೈಯೊಂದು ಹೇಳಿಕೊಟ್ಟಿತು.
ಪುಸಾನಿನ ಚಳಿಯಲ್ಲಿ ಎಲುಬಿನ ಸಾರು,
ಅನ್ನ ಅದರೊಳಗೇ ಮುಳುಗಿ ಕೂತಿತ್ತು.
ಯಾವುದರ ಎಲುಬು ಎಂದು ಕೇಳಲಿಲ್ಲ,
ಕೇಳಿದ್ದರೆ ಅಜ್ಜಿ ನೆನಪಾಗುತ್ತಿದ್ದಳು.
ವಾಲ್ಪರೈಸೊದಲ್ಲಿ ಸಾರಿನ ಜೊತೆ ಬ್ರೆಡ್ಡು ಪುಕ್ಕಟೆ ಎಂದು ಗೊತ್ತಾಗಿ
ಸಾರು ಒಂದು, ಬ್ರೆಡ್ಡು ಏಳು.
ಎಂಟನೆಯದಕ್ಕೆ ಕೈ ಚಾಚಿದಾಗ
ಯಜಮಾನಿ ಬುಟ್ಟಿಯನ್ನೇ ಎತ್ತಿಕೊಂಡು ಹೋದಳು,
ನಗುತ್ತಲೇ.

ರಜೆಗೆ ಬಂದಾಗಲೆಲ್ಲ ಕೋಡಿಬಾಗದ ನಮ್ಮ ಜಗಲಿಯಲ್ಲಿ
ಇದನ್ನೇ ಹೇಳುತ್ತಿದ್ದೆ,
ಹುರಿದ ಇಸವಾಣದ ಮುಳ್ಳು ಬಿಡಿಸುತ್ತ,
ಪುಸಾನು ಯಾವ ದಿಕ್ಕಿಗೆಂದು ಎಂಜಲು ಕೈಯಲ್ಲಿ ತೋರಿಸುತ್ತ.

ಹೋದ ಮಾಘದಲ್ಲಿ, ಬೆಳಗಿನ ಆರಕ್ಕೆ
ಬೈತಕೋಲದ ಧಕ್ಕೆಗೆ ಸುಮ್ಮನೆ ಹೋಗಿದ್ದೆ.
(ನಿವೃತ್ತರಿಗೆ ನಿದ್ದೆ ಕಡಿಮೆ, ಕೆಲಸ ಇನ್ನೂ ಕಡಿಮೆ.)
ಹರಾಜು ಕೂಗುವ ಮಾಡಿನ ಹಿಂದೆ
ಐಸು ಪುಡಿಮಾಡುವ ಯಂತ್ರದ ಪಕ್ಕ
ನೀಲಿ ತಾಡಪಾಲಿನ ಕೆಳಗೆ ಒಂದು ಬೆಂಚು.
ಬೆಂಚಿನ ಮೇಲೆ ಬುಟ್ಟಿ ಹೊರುವ ಹೆಂಗಸರು ಆರು.
ಏಳನೆಯವಳು ಕೆಂಪು ಮೂಗಿನ ಪರದೇಶದ ಹುಡುಗಿ,
ಬೆನ್ನುಚೀಲವನ್ನು ಕಾಲ ಸಂದಿಯಲ್ಲಿ ಅವಚಿಕೊಂಡು
ಗಂಜಿ ಸುರಿಯುತ್ತಿದ್ದಳು, ಸದ್ದು ಬರುವ ಹಾಗೆ.

ಕೆಂಪಕ್ಕಿ ಗಂಜಿ. ಕೆಂಡದ ಮೇಲೆ ಸುಟ್ಟ ಒಣ ಬಂಗಡೆ.
ಒಣ ಸಿಗಡಿಗೆ ಜುಮ್ಮನಕಾಯಿ ಹಾಕಿ ಅರೆದ ಚಟ್ನಿ.
ಜುಮ್ಮನಕಾಯಿ ತನ್ನ ಹೆಸರನ್ನು
ಅವಳ ನಾಲಿಗೆಯ ಮೇಲೆ ಬರೆಯುತ್ತಿತ್ತು.
ತುಟಿ ಮುಟ್ಟಿ ನೋಡಿಕೊಂಡಳು, ಇದೆಯೋ ಇಲ್ಲವೋ ಎಂದು,
ಮತ್ತೆ ಅದಕ್ಕೇ ಬೆರಳಿಟ್ಟಳು.

ಹಡಗಿನ ಇಂಗ್ಲಿಷಿನಲ್ಲಿ ಹೇಳಿದೆ:
ಪೇಟೆಯಲ್ಲಿ ಒಳ್ಳೆಯ ಹೋಟೆಲಿದೆ, ತೋರಿಸಲೇ? ಫ್ಯಾನೂ ಇದೆ.
ಅವಳು ತಲೆಯಾಡಿಸಿದಳು.
ಬಸ್ಸು ಇಳಿದವಳು ಬೋರ್ಡು ಓದಲಿಲ್ಲವಂತೆ,
ಬುಟ್ಟಿ ಹೊತ್ತವಳೊಬ್ಬಳ ಹಿಂದೆ ನಡೆದು ಬಂದಳಂತೆ.
ಆಮೇಲೆ ಕೇಳಿದಳು, ಸಾದಾ ಮಾತಿನಂತೆ:
ಇಲ್ಲಿ ನಿಮಗೆ ಯಾವುದು ಇಷ್ಟ?

ಮನೆಯಿಂದ ಇಲ್ಲಿಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ.
ಅರವತ್ತೆರಡು ವರ್ಷ.
ಕೂರಬೇಡ ಎಂದು ಯಾರೂ ಹೇಳಿರಲಿಲ್ಲ.
ಇಲ್ಲಿ ಕೂರುವವರ ಹೆಸರು ಹೇಳುವಾಗ
ಅಜ್ಜಿಯ ತುಟಿ ಒಂಚೂರು ಓರೆಯಾಗುತ್ತಿತ್ತು, ಅಷ್ಟೇ.
ಆ ಓರೆ ನನ್ನ ಕಾಲಿಗೆ ಇಳಿದಿತ್ತು.
ಪುಸಾನಿನಲ್ಲಿ ನಾನು ಯಾರ ಮೊಮ್ಮಗನೂ ಆಗಿರಲಿಲ್ಲ.

ಒಲೆಯ ಮುಂದಿನ ಚಂದ್ರಭಾಗಿ ತಲೆ ಎತ್ತಲಿಲ್ಲ:
"ಉಣ್ಣೂದಾದ್ರೆ ಕೂತ್ಕಣಿ,
ನೋಡೂದಾದ್ರೆ ಬದಿಗೆ ಸರೀರಿ. ಗಿರಾಕಿ ಬರೂ ಹೊತ್ತು."

ಕೂತೆ.
ಬೆಂಚು ನನ್ನ ಕಡೆ ತಗ್ಗಿತು, ಆರೂ ಜನ ನಕ್ಕರು,
ಏನೆಂದು ತಿಳಿಯದೆ ಏಳನೆಯವಳೂ.
ಏನು ಕೇಳಬೇಕು, ಹೇಗೆ ಕೇಳಬೇಕು, ಗೊತ್ತಾಗದೆ
ನನ್ನ ಊರಿನಲ್ಲಿ, ನನ್ನದೇ ಮಾತು ನಡೆಯುವಲ್ಲಿ
ಪಕ್ಕದವಳ ತಟ್ಟೆಗೆ ಬೆರಳು ತೋರಿಸಿದೆ.

ರುಚಿಯ ಬಗ್ಗೆ ಹೇಳಲಾರೆ. ನಾಲಿಗೆ ಜುಮ್ಮೆಂದಿತ್ತು.

ಐವತ್ತರ ನೋಟು ಕೊಟ್ಟು, ಇರಲಿ ಇಟ್ಕೋ ಎಂದೆ.
ಚಂದ್ರಭಾಗಿ ಸೆರಗಿಗೆ ಕೈ ಒರೆಸಿ
ಒದ್ದೆ ಇಪ್ಪತ್ತನ್ನು ನನ್ನ ಅಂಗೈಗೆ ಒತ್ತಿದಳು:
"ಯಂತಕ್ಕೆ? ಆ ಹುಡುಗಿನೂ ಮೂವತ್ತೇ ಕೊಟ್ಟದ್ದು."