ಶೇಕಡಾ ಅರವತ್ತೇಳು

ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಲು ಹೋಗಿದೆ. ಯಾರೂ ಕೇಳಿರಲಿಲ್ಲ.
ಬೆಳಗ್ಗೆ ಶಟರ್ ಎತ್ತಿದರೆ ಟಿವಿಯಲ್ಲಿ ನೀಲಿ ಗೆರೆ,
ಅರವತ್ತೇಳಕ್ಕೆ ಬಂದು ನಿಂತುಬಿಟ್ಟಿದೆ
ಮಂಡಿಪೇಟೆ ನಡುರಸ್ತೆಯ ಎಮ್ಮೆಯ ಹಾಗೆ,
ಹಾರ್ನಿಗೂ ಕದಲದೆ.

ಈ ಕೋಣೆಯಲ್ಲಿ ಮೊದಲು ಹದಿನಾಲ್ಕು ಟೈಪ್‌ರೈಟರ್ ಇದ್ದವು.
ಕೆಟ್ಟರೆ ಒಂದು ಹನಿ ಎಣ್ಣೆ, ಹಲ್ಲುಜ್ಜಿ ಸವೆದ ಬ್ರಷ್ಷು.
ತೀರಾ ಆದರೆ ಹರಿಹರದಿಂದ ಫಕ್ಕೀರಪ್ಪ ಬಂದು
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಬೈಯುತ್ತಿದ್ದ:
ಬೆರಳೋ ಸುತ್ತಿಗೆಯೋ ನಿಮ್ಮ ಹುಡುಗೀರದ್ದು?
ಈ ಕರಿ ಪೆಟ್ಟಿಗೆಗೆ ಸ್ಕ್ರೂ ಎಲ್ಲಿದೆಯೆಂದೇ ಕಾಣದು.
ಗಂಟೆಗೆ ನಲವತ್ತು ರೂಪಾಯಿ ದುಡಿಯುತ್ತಿತ್ತು,
ಕಂತು ಇನ್ನೂ ಏಳಿದೆ.

ಕನ್ನಡಕ್ಕೆ ನಾಲ್ಕು ಒತ್ತಿ.
ಒತ್ತಿದೆ. ಹಿಂದಿ ಬಂತು.
ಮತ್ತೆ ಒತ್ತಿದೆ. ಕೊಳಲು ಬಂತು, ಇಪ್ಪತ್ತೆರಡು ನಿಮಿಷ,
ಬರೀ ಮೊದಲ ಹತ್ತು ಸ್ವರ,
ಮುಂದಿನ ಪಾಠಕ್ಕೆ ಚಕ್ಕರ್ ಹೊಡೆದವನ ಹಾಗೆ.

"ಸರ್, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್."
ಸರ್ ಅಲ್ಲಪ್ಪ, ನಾನು ಹೆಂಗಸು.
"ಖಂಡಿತ ಸರ್. ಆಫ್ ಮಾಡಿ ಆನ್ ಮಾಡಿದಿರಾ ಸರ್?"
ಮಾಡಿದೆ. ಪ್ಲಗ್ಗು ಕಿತ್ತು ಹಾಕಿದೆ.
ಕೈಯನ್ನೂ ಮುಗಿದಿದ್ದೆ, ಅದನ್ನು ಹೇಳಲಿಲ್ಲ.
ಸೀರಿಯಲ್ ನಂಬರ್ ಅಂದ. ಪೆಟ್ಟಿಗೆ ಬೋರಲು ಹಾಕಿದೆ,
ಮಂಡಕ್ಕಿ ಭಟ್ಟಿಯ ಮಸಿ ಅಂಗೈಗೆ ಬಂತು.
ಸೆರಗಿನಿಂದ ಒರೆಸಿ ಹದಿನೇಳು ಅಕ್ಷರ ಓದಿದೆ.
ಓದುವಾಗ ಕಿರುಬೆರಳು ಖಾಲಿ ಮೇಜಿನ ಮೇಲೆ
ಅವುಗಳ ಜಾಗ ತಡವುತ್ತಿತ್ತು.

"ವಾರಂಟಿ ಹನ್ನೊಂದು ದಿನದ ಹಿಂದೆ ಮುಗಿದಿದೆ ಸರ್."
ಕೆಡಿಸಿದ್ದು ನೀವು, ನಿನ್ನೆ ರಾತ್ರಿ.
"ಅಪ್‌ಡೇಟ್ ನಿಮ್ಮ ಸುರಕ್ಷತೆಗಾಗಿ ಸರ್.
ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬಹುದು.
ಒಳಗಿದ್ದದ್ದೆಲ್ಲ ಹೋಗುತ್ತದೆ. ಒಪ್ಪಿಗೆಯೇ ಸರ್?"

ಬಾಗಿಲಲ್ಲಿ ಮೂರು ಜನ.
ಭಟ್ಟಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ದಾದಾಪೀರ
ಹನ್ನೊಂದು ತಿಂಗಳಿಂದ ಕಟ್ಟಿದ ಕ್ರಿಕೆಟ್ ಟೀಮು ಅದರೊಳಗಿದೆ.
ಅವನೇ ಕ್ಯಾಪ್ಟನ್ನು.
ಭಟ್ಟಿ ಮಾಲೀಕನ ಹೆಸರು ಹನ್ನೆರಡನೆಯವನಿಗೆ ಇಟ್ಟು
ಪ್ರತಿ ಪಂದ್ಯದಲ್ಲೂ ನೀರು ಹೊರಿಸುತ್ತಾನೆ.

ಒಂದು ನಿಮಿಷ ತಡಿಯಪ್ಪ, ಅಂದೆ ಫೋನಿಗೆ.
ಅವನಿಗೆ ಕೇಳಿಸಲು ನನ್ನ ಹತ್ತಿರ ಕೊಳಲಿರಲಿಲ್ಲ.

ಅಟ್ಟದಿಂದ ಉಳಿದ ಒಂದೇ ಯಂತ್ರ ಇಳಿಸಿದೆವು.
ಒಣಗಿದ ರಿಬ್ಬನ್ನು, ಎರಡು ಹನಿ ಎಣ್ಣೆಗೆ ಅರ್ಧ ಜೀವ.
ಹೇಳು, ಅಂದೆ. ಅವನು ಕಣ್ಣು ಮುಚ್ಚಿ ಹೇಳಿದ:
ಆಡಿದ ಪಂದ್ಯಗಳು ಇನ್ನೂರ ಆರು,
ರನ್ನು ಒಂಬತ್ತು ಸಾವಿರದ ನಲವತ್ತು,
ಹಾಲೇಶನ ವಿಕೆಟ್ಟು ಮುನ್ನೂರು ಚಿಲ್ಲರೆ,
ಕರಿಬಸವ ಬಿಟ್ಟ ಕ್ಯಾಚುಗಳನ್ನೂ ಬರೀರಿ ಮಿಸ್, ಬಿಡಬ್ಯಾಡ್ರಿ.
ಆ ಯಂತ್ರದಲ್ಲಿ ಳ ಏಳುವುದಿಲ್ಲ.
ಬಿಟ್ಟುಹೋದ ಕಡೆಯೆಲ್ಲ ಪೆನ್ನಿನಿಂದ ತುಂಬಿದೆ.

"ಸರ್, ಲೈನಿನಲ್ಲಿದ್ದೀರಾ? ಅದೇನು ಶಬ್ದ ಹಿಂದೆ?"
ಟೈಪಿಂಗು, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
"ನಮ್ಮಮ್ಮ ಸೀನಿಯರ್ ಪಾಸಾಗಿದ್ದರು, ಮೇಡಂ."

ಒಪ್ಪಿಗೆ, ಅಂದೆ.
ಗೆರೆ ಸೊನ್ನೆಗೆ ಬಿತ್ತು.
ಒಂದರಿಂದ ಐದರೊಳಗೆ ನಮ್ಮ ಸೇವೆಗೆ ಅಂಕ ಕೊಡಿ
ಎಂದಿತು ಬೇರೊಂದು ದನಿ. ಬೆರಳು ಯೋಚಿಸುವಷ್ಟರಲ್ಲಿ ಕಟ್ಟಾಯಿತು.

ಟಿವಿಯಲ್ಲಿ ಮೂರು ಪರ್ಸೆಂಟು.
ದಾದಾಪೀರ ಹಾಳೆ ಮಡಿಸಲಿಲ್ಲ,
ಳಗಳ ಮೇಲಿನ ಹಸಿ ಶಾಯಿ ಊದುತ್ತ ನಿಂತ.
ಸೀಲ್ ಹಾಕ್ರಿ ಮಿಸ್, ಅಂದ.
ಹುಡುಕಿ ತೆಗೆದು, ಪ್ಯಾಡಿಗೆ ನೀರು ಚಿಮುಕಿಸಿ, ಒತ್ತಿದೆ.
ಇನ್‌ಸ್ಟಿಟ್ಯೂಟಿನ ಹೆಸರು ಮಸುಕಾಯಿತು,
ಸರ್ಕಾರದಿಂದ ಮಾನ್ಯತೆ ಪಡೆದದ್ದು
ಅನ್ನುವ ಸಾಲು ಮಾತ್ರ ಚೆನ್ನಾಗಿ ಮೂಡಿತು.