ಯಾರ ಮೊಳ

ಊಟದ ಮೇಜಿನ ಮೇಲೆ ಮೂರು ಪಠ್ಯ.
ಒಂದರಲ್ಲಿ ಹಿಮ, ಕೆಂಪು ಕೊಟ್ಟಿಗೆ, ಬಿಟ್ಟ ಸ್ಥಳ ತುಂಬಿರಿ.
ಇನ್ನೊಂದರ ಬೆನ್ನಿಗೇ ಉತ್ತರ ಅಂಟಿದೆ.
ಮೂರನೆಯದು ಅಗ್ಗ; ಪ್ರಶ್ನೆ ಕೇಳುವವರಿಗೆ ಅದರಲ್ಲಿ
ನರಕ ಸ್ವಲ್ಪ ಹತ್ತಿರ.

ಏಳನೆಯ ತರಗತಿ, ಮನೆಯೇ ಶಾಲೆ;
ಬನ್ನಿಮಂಟಪದ ಬಸ್ಸು ಹಾದಾಗಲೆಲ್ಲ
ಕಿಟಕಿ ಗಂಟೆ ಹೊಡೆಯುತ್ತದೆ.

ಶಲೋಮಿ ಅಜ್ಜಿಯ ಸತ್ಯವೇದ ಬಿಚ್ಚಿ ಕೇಳಿದಳು:
"ನಾವೆ ಮುನ್ನೂರು ಮೊಳ ಅಂತೆ. ಯಾರ ಮೊಳಮ್ಮಾ?
ಹೂ ಮಾರುವ ಪುಟ್ಟತಾಯಮ್ಮನದೋ, ಅಪ್ಪನದೋ?"

ಮೂರರಲ್ಲೂ ಹುಡುಕಿದೆ. ಇಲ್ಲ.

ಸಂಜೆ ಮಂಡಿ ಮೊಹಲ್ಲಾದ ಓಣಿಯಲ್ಲಿ
ಸೀಮೆಸುಣ್ಣ ಹಿಡಿದು, ನೆಲಕ್ಕೆ ಮೊಳಕೈ ಊರುತ್ತ
ಹೊರಟಳು, ನಾನು ಎಣಿಸುತ್ತ.
ನೂರಾ ಹನ್ನೆರಡಕ್ಕೆ ಹಸು ಮಲಗಿತ್ತು.
ಹಚಾ ಅಂದೆ. ಏಳಲಿಲ್ಲ.
"ಇರಲಿ ಬಿಡಮ್ಮಾ, ಹತ್ತಿ ಆಯ್ತಲ್ಲ" ಅಂದು
ಸುತ್ತಲೂ ಗೆರೆ ಎಳೆದಳು.